‘ಅವನು’ ಎಂದರೆ ಯಾರು? ಇಂಗ್ಲಿಷ್ ವಾಕ್ಯದ ಸರ್ವನಾಮ ಮತ್ತು ಕನ್ನಡ ವ್ಯಾಕರಣ ಪರಂಪರೆ

1. ಪೀಠಿಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಾಗಡಿ ರಸ್ತೆಗೆ ಹೊಂದಿಕೊಂಡಿರುವ ಕಾಮಾಕ್ಷಿಪಾಳ್ಯವು ಸಣ್ಣ ಕೈಗಾರಿಕೆಗಳ ನೆಲೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ವಸತಿ ಬಡಾವಣೆಗಳ ನಡುವೆ ಲೇತ್ ಯಂತ್ರಗಳ ಶೆಡ್ಡುಗಳು, ಬಿಡಿಭಾಗಗಳನ್ನು ತಯಾರಿಸುವ ಘಟಕಗಳು, ಸಿದ್ಧ ಉಡುಪಿನ ಕಾರ್ಖಾನೆಗಳು ಇಲ್ಲಿ ಒತ್ತೊತ್ತಾಗಿ ಬೆಳೆದಿವೆ. ಇಲ್ಲಿ ದುಡಿಯುವವರ ಮನೆಮಾತು ಒಂದೇ ಅಲ್ಲ. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಹಿಂದಿಗಳೂ ಕಿವಿಗೆ ಬೀಳುತ್ತವೆ. ಆದರೆ ಯಂತ್ರದೊಡನೆ ಬರುವ ಕೈಪಿಡಿ, ನೇಮಕಾತಿಯ ಕರಾರು, ಕಾರಣ ಕೇಳುವ ನೋಟೀಸು ಮುಂತಾದ ಬರಹಗಳು ಹಲವು ವೇಳೆ ಇಂಗ್ಲಿಷಿನಲ್ಲಿರುತ್ತವೆ. ಮಾತಿನ ವ್ಯವಹಾರವೆಲ್ಲ ದೇಶಭಾಷೆಗಳಲ್ಲಿ ನಡೆದರೂ ಹೊಣೆಯನ್ನು ನಿಗದಿಪಡಿಸುವ ಬರಹ ಇಂಗ್ಲಿಷಿನದಾಗಿರುವುದು ಇಂತಹ ಪ್ರದೇಶಗಳ ಸಾಮಾನ್ಯ ಸ್ಥಿತಿ.

ಉದಾಹರಣೆಗಾಗಿ ಇಂತಹದೊಂದು ವಾಕ್ಯವನ್ನು ಕಲ್ಪಿಸಿಕೊಳ್ಳಬಹುದು: ‘ದಿ ಸೂಪರ್‌ವೈಸರ್ ಟೋಲ್ಡ್ ದಿ ವರ್ಕರ್ ದಟ್ ಹಿ ವುಡ್ ಬಿ ರೆಸ್ಪಾನ್ಸಿಬಲ್.’ ಇದರಲ್ಲಿ ಕಠಿಣವಾದ ಶಬ್ದ ಒಂದೂ ಇಲ್ಲ. ‘ಹಿ’ ಎಂದರೆ ‘ಅವನು’ ಎಂಬುದನ್ನು ಪ್ರಾಥಮಿಕ ಶಾಲೆಯ ವಿದ್ಯಾರ್ಥಿಯೂ ಬಲ್ಲ. ಆದರೆ ಹೊಣೆ ಹೊರಬೇಕಾದವನು ಮೇಲ್ವಿಚಾರಕನೋ ಕೆಲಸಗಾರನೋ ಎಂಬುದನ್ನು ಈ ವಾಕ್ಯ ತಾನಾಗಿ ತಿಳಿಸುವುದಿಲ್ಲ. ಯಂತ್ರ ಕೆಟ್ಟು ನಷ್ಟವಾದಾಗ ಯಾರ ಸಂಬಳ ಕಡಿತವಾಗಬೇಕು ಎಂಬ ಪ್ರಶ್ನೆ ಎರಡಕ್ಷರದ ಆ ಒಂದು ಶಬ್ದದ ಮೇಲೆ ನಿಲ್ಲುತ್ತದೆ. ಶಬ್ದದ ಅರ್ಥವನ್ನು ತಿಳಿದಿರುವುದು ಬೇರೆ, ಅದು ಈ ವಾಕ್ಯದಲ್ಲಿ ಯಾರನ್ನು ನಿರ್ದೇಶಿಸುತ್ತದೆ ಎಂಬುದನ್ನು ತಿಳಿಯುವುದು ಬೇರೆ. ಮೊದಲನೆಯದನ್ನು ನಿಘಂಟು ಹೇಳುತ್ತದೆ. ಎರಡನೆಯದಕ್ಕೆ ವಾಕ್ಯರಚನೆಯ ಜ್ಞಾನ, ಸಂದರ್ಭದ ಅರಿವು, ಲೋಕಾನುಭವ ಮೂರೂ ಬೇಕು.

ಕನ್ನಡಿಗರು ಇಂಗ್ಲಿಷನ್ನು ಶಾಲೆಗಳಲ್ಲಿ ಕಲಿಯತೊಡಗಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಈ ಅವಧಿಯಲ್ಲಿ ಸರ್ವನಾಮವನ್ನು ಅವರಿಗೆ ಹೇಗೆ ಕಲಿಸಲಾಯಿತು, ಅದರ ಹಿಂದಿದ್ದ ವ್ಯಾಕರಣದೃಷ್ಟಿ ಯಾವುದು, ಕನ್ನಡದೊಳಗೇ ಇದ್ದ ಯಾವ ಸಾಧನವನ್ನು ಆ ದೃಷ್ಟಿಯು ಬಳಸದೆ ಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ರೂಪಗಳ ಪಟ್ಟಿಯಾಗಿ ಸರ್ವನಾಮವನ್ನು ಕಲಿಸುವ ಪದ್ಧತಿ ನಮ್ಮಲ್ಲಿ ಬಲವಾಗಿ ಬೇರೂರಿತು. ನಿರ್ದೇಶವನ್ನು ಕಂಡುಕೊಳ್ಳುವ ವಿಧಾನ ಬಹುಕಾಲ ಪಾಠದ ಹೊರಗೆ ಉಳಿಯಿತು. ಆ ವಿಧಾನಕ್ಕೆ ಬೇಕಾದ ಕೀಲಿಯು ಕನ್ನಡದ ‘ತಾನು’ ಎಂಬ ಶಬ್ದದಲ್ಲಿಯೇ ಇದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

2. ಪ್ರಾಚೀನ ಶಾಸ್ತ್ರಗಳಲ್ಲಿ ಸರ್ವನಾಮ

ಸರ್ವನಾಮದ ನಿರ್ದೇಶವನ್ನು ಕುರಿತ ಚಿಂತನೆ ಭಾರತೀಯ ಶಾಸ್ತ್ರಗಳಿಗೆ ಹೊಸದಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ‘ಅನ್ವಾದೇಶ’ ಎಂಬ ಪರಿಕಲ್ಪನೆ ಬರುತ್ತದೆ. ಒಮ್ಮೆ ಹೇಳಿದ ವಸ್ತುವನ್ನೇ ಮತ್ತೊಂದು ಕಾರ್ಯದ ಸಂಬಂಧದಲ್ಲಿ ಮರಳಿ ಹೇಳುವುದು ಅನ್ವಾದೇಶ. ಹಾಗೆ ಮರಳಿ ಹೇಳುವಾಗ ಕೆಲವು ವಿಭಕ್ತಿಗಳಲ್ಲಿ ಸರ್ವನಾಮದ ರೂಪವೇ ಬದಲಾಗುತ್ತದೆ ಎಂದು ಆತ ವಿಧಿಸುತ್ತಾನೆ. ಮೊದಲ ಉಲ್ಲೇಖ ಮತ್ತು ಮರು ಉಲ್ಲೇಖಗಳ ವ್ಯತ್ಯಾಸವನ್ನು ರೂಪದ ಮಟ್ಟದಲ್ಲಿಯೇ ಗುರುತಿಸಿದ ಸೂಕ್ಷ್ಮತೆ ಇದು. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದ ದೋಷಪ್ರಕರಣದಲ್ಲಿ ‘ತತ್’ ಶಬ್ದವು ಪ್ರಕೃತವಾದುದನ್ನು, ಪ್ರಸಿದ್ಧವಾದುದನ್ನು ಅಥವಾ ಅನುಭವಕ್ಕೆ ಬಂದುದನ್ನು ಸೂಚಿಸುತ್ತದೆ ಎಂದು ವಿವೇಚಿಸಿದ್ದಾನೆ. ಸರ್ವನಾಮಗಳು ಸಾಮಾನ್ಯವಾಗಿ ವಾಕ್ಯದ ಪ್ರಧಾನಾರ್ಥವನ್ನೇ ಪರಾಮರ್ಶಿಸುತ್ತವೆ ಎಂಬ ನ್ಯಾಯವೂ ಸಂಸ್ಕೃತ ವ್ಯಾಖ್ಯಾನಕಾರರಲ್ಲಿ ಬಳಕೆಯಲ್ಲಿತ್ತು. ಎಂದರೆ ‘ಅವನು ಯಾರು’ ಎಂಬ ಪ್ರಶ್ನೆಗೆ ಉತ್ತರ ಕಾಣುವ ಹೊಣೆಯನ್ನು ವೈಯಾಕರಣರಿಗಿಂತ ಹೆಚ್ಚಾಗಿ ಆಲಂಕಾರಿಕರೂ ವ್ಯಾಖ್ಯಾನಕಾರರೂ ಹೊತ್ತಿದ್ದರು.

ಕನ್ನಡ ವ್ಯಾಕರಣಗಳು ಸಂಸ್ಕೃತದ ಈ ಶ್ರಮವಿಭಾಗವನ್ನು ಹಾಗೆಯೇ ಸ್ವೀಕರಿಸಿದವು. ಸುಮಾರು 1260ರಲ್ಲಿ ರಚಿತವಾದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸರ್ವನಾಮದ ವಿಚಾರ ನಾಮಪ್ರಕರಣದಲ್ಲಿ ಬರುತ್ತದೆ. ‘ಆನ್’, ‘ನೀನ್’, ‘ತಾನ್’ ಎಂಬವು ವಿಭಕ್ತಿಪ್ರತ್ಯಯಗಳ ಮುಂದೆ ‘ಎನ್’, ‘ನಿನ್’, ‘ತನ್’ ಎಂದಾಗುವ ರೂಪವ್ಯತ್ಯಾಸ ಅಲ್ಲಿಯ ಆಸಕ್ತಿ. ಹಳಗನ್ನಡದಲ್ಲಿ ‘ಅವಂ’, ‘ಇವಂ’ ಎಂಬವುಗಳ ಜೊತೆಗೆ ನಡುವಿನ ದೂರವನ್ನು ಹೇಳುವ ‘ಉವಂ’ ಎಂಬ ರೂಪವೂ ಇತ್ತು. ದೂರ, ಸಮೀಪ, ಮಧ್ಯಮ ಎಂಬ ಮೂರು ನೆಲೆಗಳನ್ನು ಹೀಗೆ ಸರ್ವನಾಮವೇ ಹೊತ್ತಿದ್ದರಿಂದ ಇಬ್ಬರು ಮೂವರು ವ್ಯಕ್ತಿಗಳು ಬರುವ ಪ್ರಸಂಗದಲ್ಲಿ ಯಾರ ಮಾತು ಎಂಬುದನ್ನು ಬೇರ್ಪಡಿಸಲು ಅವಕಾಶವಿತ್ತು. ‘ಉವಂ’ ಮುಂದೆ ಬಳಕೆ ತಪ್ಪಿತು; ‘ಅವನು’, ‘ಇವನು’ ಎಂಬ ಜೋಡಿ ಮಾತ್ರ ಉಳಿಯಿತು. 1604ರಲ್ಲಿ ಭಟ್ಟಾಕಳಂಕನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಶಬ್ದಾನುಶಾಸನದಲ್ಲಿಯೂ ಒತ್ತು ಬಿದ್ದಿರುವುದು ರೂಪಸಿದ್ಧಿಯ ಮೇಲೆಯೇ.

ಇದನ್ನು ಪ್ರಾಚೀನರ ಕೊರತೆ ಎಂದು ಭಾವಿಸಬೇಕಾಗಿಲ್ಲ. ಅವರ ಓದುಗರಿಗೆ ಕನ್ನಡ ಹೊಸ ಭಾಷೆಯಾಗಿರಲಿಲ್ಲ. ಕಾವ್ಯದಲ್ಲಿ ಶುದ್ಧರೂಪವನ್ನು ಬಳಸುವುದಕ್ಕೆ ನೆರವು ಬೇಕಾಗಿತ್ತೇ ಹೊರತು ‘ಅವನು’ ಯಾರೆಂದು ತಿಳಿಯುವುದಕ್ಕಲ್ಲ. ರೂಪಕ್ಕೆ ಮೀಸಲಾದ ಆ ವಿಧಾನವೇ ಮುಂದೆ ಪರಭಾಷೆಯ ಕಲಿಕೆಗೂ ಮಾದರಿಯಾದಾಗ ತೊಡಕು ಆರಂಭವಾಯಿತು.

3. ಮಿಷನರಿ ವ್ಯಾಕರಣಗಳ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆಯುವ ಕಾರ್ಯ ಆರಂಭವಾಯಿತು. ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿಯೂ ಜಾನ್ ಮೆಕೆರೆಲ್ಲನ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿಯೂ ಪ್ರಕಟವಾದವು. ಬೆಂಗಳೂರಿನಲ್ಲಿದ್ದ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ನನ ವ್ಯಾಕರಣ 1859ರಲ್ಲಿ ಹೊರಬಂದು 1864ರಲ್ಲಿ ಎರಡನೆಯ ಮುದ್ರಣ ಕಂಡಿತು. ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದ ಫರ್ಡಿನಂಡ್ ಕಿಟೆಲ್ಲನು 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಕೊಟ್ಟನು. 1914ರಲ್ಲಿ ಹೆರಾಲ್ಡ್ ಸ್ಪೆನ್ಸರನ ವ್ಯಾಕರಣ ಬಂದಿತು. ಈ ನಡುವೆ 1838ರಲ್ಲಿ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಕನ್ನಡದಲ್ಲಿಯೇ ಬರೆದ ಹೊಸಗನ್ನಡ ವ್ಯಾಕರಣವಾಗಿ ಕಾಣಿಸಿಕೊಂಡಿತು.

ಮಿಷನರಿಗಳ ವ್ಯಾಕರಣಗಳ ಉದ್ದೇಶ ಇಂಗ್ಲಿಷ್ ಬಲ್ಲವರಿಗೆ ಕನ್ನಡ ಕಲಿಸುವುದು. ಅದರಿಂದಾಗಿ ಅವು ಇಂಗ್ಲಿಷ್ ವ್ಯಾಕರಣದ ಪದವರ್ಗಗಳನ್ನೇ ಚೌಕಟ್ಟಾಗಿ ಇಟ್ಟುಕೊಂಡವು. ‘ಹಿ’ ಎಂಬ ಒಂದು ಶಬ್ದದ ಎದುರಿಗೆ ‘ಅವನು’, ‘ಇವನು’, ‘ಆತನು’, ‘ಈತನು’, ಗೌರವಾರ್ಥದ ‘ಅವರು’, ‘ಇವರು’ ಎಂಬ ರೂಪಗಳು ನಿಂತವು. ಇಂಗ್ಲಿಷಿನ ಸಂಬಂಧವಾಚಕ ಸರ್ವನಾಮಕ್ಕೆ ಸಮನಾದುದು ಕನ್ನಡದಲ್ಲಿ ಇಲ್ಲ, ‘ಬಂದ ಹುಡುಗ’ ಎಂಬಲ್ಲಿಯಂತೆ ಕೃದಂತವೇ ಆ ಕೆಲಸವನ್ನು ಮಾಡುತ್ತದೆ ಎಂಬುದನ್ನೂ ಈ ವ್ಯಾಕರಣಕಾರರು ಕಂಡುಕೊಂಡರು. ಇದು ಮಹತ್ವದ ಅವಲೋಕನ. ‘ಗುಮಾಸ್ತನ ಮಗ’ ಎಂಬ ಪದಸಮೂಹದ ಮುಂದೆ ಇಂಗ್ಲಿಷಿನಲ್ಲಿ ‘ಹೂ’ ಎಂಬುದನ್ನು ಸೇರಿಸಿ ಒಂದು ಉಪವಾಕ್ಯವನ್ನು ಜೋಡಿಸಿದರೆ ಅದು ಗುಮಾಸ್ತನಿಗೆ ಸಂಬಂಧಿಸಿದ್ದೋ ಮಗನಿಗೆ ಸಂಬಂಧಿಸಿದ್ದೋ ಎಂಬ ಸಂದೇಹ ಏಳುತ್ತದೆ. ಕನ್ನಡದಲ್ಲಿ ‘ಗುಮಾಸ್ತನ ನಿವೃತ್ತನಾದ ಮಗ’ ಎಂದಾಗ ನಿವೃತ್ತನಾದವನು ಮಗನೇ. ‘ನಿವೃತ್ತನಾದ ಗುಮಾಸ್ತನ ಮಗ’ ಎಂದರೆ ಮಾತ್ರ ಸಂದೇಹಕ್ಕೆ ಎಡೆಯಿದೆ. ಒಂದು ಭಾಷೆಯ ಸಂದಿಗ್ಧತೆ ಮತ್ತೊಂದರಲ್ಲಿ ಪದಕ್ರಮದಿಂದ ಪರಿಹಾರವಾಗುವುದಕ್ಕೆ ಇದೊಂದು ನಿದರ್ಶನ.

‘ತಾನು’ ಎಂಬುದನ್ನು ಈ ವ್ಯಾಕರಣಗಳು ಇಂಗ್ಲಿಷಿನ ‘ಹಿಮ್‌ಸೆಲ್ಫ್’, ‘ಹರ್‌ಸೆಲ್ಫ್’ಗಳ ಸಾಲಿನಲ್ಲಿ ಆತ್ಮಾರ್ಥಕವೆಂದು ಇರಿಸಿದವು. ಆ ವರ್ಗೀಕರಣ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಕನ್ನಡದ ‘ತಾನು’ ಇಂಗ್ಲಿಷಿನಲ್ಲಿ ಕೇವಲ ‘ಹಿ’ ಎಂದು ಬರುವ ಎಡೆಗಳಲ್ಲಿಯೂ ಬರುತ್ತದೆ. ಈ ಪ್ರಬಂಧದ ಆರಂಭದಲ್ಲಿ ಕೊಟ್ಟ ವಾಕ್ಯವನ್ನೇ ಕನ್ನಡಿಸಿ ನೋಡಬಹುದು:

(ಅ) ತಾನು ಹೊಣೆಗಾರನಾಗುವುದಾಗಿ ಮೇಲ್ವಿಚಾರಕನು ಕೆಲಸಗಾರನಿಗೆ ತಿಳಿಸಿದನು.
(ಆ) ಅವನು ಹೊಣೆಗಾರನಾಗುವುದಾಗಿ ಮೇಲ್ವಿಚಾರಕನು ಕೆಲಸಗಾರನಿಗೆ ತಿಳಿಸಿದನು.

(ಅ) ವಾಕ್ಯದಲ್ಲಿ ಹೊಣೆ ಮೇಲ್ವಿಚಾರಕನದು. ಅದಕ್ಕೆ ಬೇರೆ ಅರ್ಥವಿಲ್ಲ. (ಆ) ವಾಕ್ಯದಲ್ಲಿ ಹೊಣೆ ಸಾಮಾನ್ಯವಾಗಿ ಕೆಲಸಗಾರನದು ಅಥವಾ ವಾಕ್ಯದ ಹೊರಗಿನ ಮೂರನೆಯವನದು. ಇಂಗ್ಲಿಷ್ ಒಂದೇ ‘ಹಿ’ಯಲ್ಲಿ ಅಡಗಿಸಿದ ಎರಡು ಅರ್ಥಗಳನ್ನು ಕನ್ನಡ ಎರಡು ಶಬ್ದಗಳಾಗಿ ಬಿಡಿಸುತ್ತದೆ. ಆದುದರಿಂದ ಇಂಗ್ಲಿಷ್ ವಾಕ್ಯವನ್ನು ಕನ್ನಡಿಸುವವನು ‘ತಾನು’, ‘ಅವನು’ಗಳಲ್ಲಿ ಯಾವುದನ್ನು ಬಳಸಬೇಕೆಂದು ನಿರ್ಧರಿಸುವಾಗಲೇ ಸರ್ವನಾಮದ ನಿರ್ದೇಶವನ್ನೂ ನಿರ್ಧರಿಸುತ್ತಾನೆ. ಅಂದಿನ ವ್ಯಾಕರಣಗಳು ಇಂಗ್ಲಿಷಿನಿಂದ ಕನ್ನಡದ ಕಡೆಗೆ ನೋಡಿದವೇ ಹೊರತು ಕನ್ನಡದಿಂದ ಇಂಗ್ಲಿಷಿನ ಕಡೆಗೆ ನೋಡಲಿಲ್ಲ. ಅದು ಅವುಗಳ ಉದ್ದೇಶವೂ ಆಗಿರಲಿಲ್ಲ. ಹಾಗಾಗಿ ಈ ಸಾಧನದ ಬೆಲೆ ಗಮನಕ್ಕೆ ಬರಲಿಲ್ಲ.

4. ಕಾನೂನಿನ ಒಂದು ಸರ್ವನಾಮ

ಸರ್ವನಾಮದ ನಿರ್ದೇಶ ಶಾಲೆಯ ಪಾಠಕ್ಕೆ ಮಾತ್ರ ಸೀಮಿತವಾದ ವಿಷಯವಲ್ಲ ಎಂಬುದನ್ನು ಇದೇ ಶತಮಾನದ ಶಾಸನವೊಂದು ತೋರಿಸುತ್ತದೆ. 1860ರ ಭಾರತ ದಂಡ ಸಂಹಿತೆಯ 8ನೆಯ ಪ್ರಕರಣ ಇಡಿಯಾಗಿ ಒಂದು ಸರ್ವನಾಮಕ್ಕೆ ಮೀಸಲಾಗಿತ್ತು. ಸಂಹಿತೆಯಲ್ಲಿ ‘ಹಿ’ ಎಂಬ ಸರ್ವನಾಮವೂ ಅದರಿಂದ ಬಂದ ರೂಪಗಳೂ ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಯಾವುದೇ ವ್ಯಕ್ತಿಗೆ ಅನ್ವಯಿಸುತ್ತವೆ ಎಂಬುದು ಅದರ ತಾತ್ಪರ್ಯ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣವು ಪುಲ್ಲಿಂಗವಾಚಕ ಶಬ್ದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂಬ ನಿಯಮವನ್ನು ಕೇಂದ್ರದ ಇತರ ಕಾನೂನುಗಳಿಗೂ ವಿಸ್ತರಿಸಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದಿರುವ 2023ರ ಭಾರತೀಯ ನ್ಯಾಯ ಸಂಹಿತೆಯು ತನ್ನ 2ನೆಯ ಪ್ರಕರಣದಲ್ಲಿ ಇದೇ ಸರ್ವನಾಮದ ವ್ಯಾಪ್ತಿಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿತು. ಒಂದು ಸರ್ವನಾಮ ಯಾರನ್ನು ನಿರ್ದೇಶಿಸುತ್ತದೆ ಎಂಬುದನ್ನು ಓದುಗನ ಊಹೆಗೆ ಬಿಡದೆ ಶಾಸನವೇ ಗೊತ್ತುಪಡಿಸಬೇಕಾಯಿತು ಎಂಬುದು ಗಮನಾರ್ಹ.

ಕನ್ನಡಕ್ಕೆ ಬಂದಾಗ ಈ ಸಮಸ್ಯೆ ಮತ್ತೊಂದು ರೂಪ ತಳೆಯುತ್ತದೆ. ‘ಅವನು ಮಾಡಿದನು’ ಎಂಬಲ್ಲಿ ಸರ್ವನಾಮವಷ್ಟೇ ಅಲ್ಲ, ಕ್ರಿಯಾಪದವೂ ಲಿಂಗವನ್ನು ಹೇಳುತ್ತದೆ. ಕನ್ನಡ ಕಾನೂನು ಬರಹದಲ್ಲಿ ರೂಢಿಯಾಗಿರುವ ‘ತಕ್ಕದ್ದು’ ಎಂಬ ಕ್ರಿಯಾರೂಪವು ಲಿಂಗಸೂಚನೆಯಿಲ್ಲದೆ ವಾಕ್ಯವನ್ನು ಮುಗಿಸುತ್ತದೆ. ‘ಯಾರೇ ಆಗಲಿ’ ಎಂಬ ಆರಂಭವೂ ಹಾಗೆಯೇ. ಇಂಗ್ಲಿಷ್ ಕಾನೂನು ವ್ಯಾಖ್ಯೆಯ ಮೂಲಕ ಪಡೆದುದನ್ನು ಕನ್ನಡ ವಾಕ್ಯರಚನೆಯ ಮೂಲಕವೇ ಬಹುಮಟ್ಟಿಗೆ ಪಡೆಯಬಲ್ಲುದು.

5. ಶಾಲೆಯ ಇಂಗ್ಲಿಷ್ ವ್ಯಾಕರಣ

1854ರ ವುಡ್ಡನ ವಿದ್ಯಾ ಆದೇಶದ ಅನಂತರ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ವಿದ್ಯಾಭ್ಯಾಸ ವ್ಯವಸ್ಥೆ ರೂಪುಗೊಂಡಿತು. 1858ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಂಟ್ರಲ್ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೆಸ್‌ಫೀಲ್ಡನ ವ್ಯಾಕರಣಮಾಲೆಯೂ 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವೂ ಭಾರತದ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಇವು ಪದವರ್ಗ, ಪುರುಷ, ವಚನ, ವಿಭಕ್ತಿಗಳನ್ನು ಕ್ರಮವಾಗಿ ಕಲಿಸುವ, ವಾಕ್ಯವನ್ನು ಬಿಡಿಸಿ ತೋರಿಸುವ ಪುಸ್ತಕಗಳು. ಸರ್ವನಾಮವು ತನ್ನ ಪೂರ್ವಪದಕ್ಕೆ ಲಿಂಗ, ವಚನ, ಪುರುಷಗಳಲ್ಲಿ ಹೊಂದಿಕೊಳ್ಳಬೇಕು ಎಂಬ ನಿಯಮ ಅವುಗಳಲ್ಲಿ ಇದ್ದೇ ಇದೆ. ಆದರೆ ಈ ನಿಯಮ ಪೂರ್ವಪದ ಗೊತ್ತಿದ್ದವನಿಗೆ ಸಲ್ಲುವಂತಹದು. ಪೂರ್ವಪದವನ್ನು ಹುಡುಕುತ್ತಿರುವ ಓದುಗನಿಗೆ ಅದು ಅರ್ಧ ದಾರಿಯವರೆಗೆ ಮಾತ್ರ ನೆರವಾಗುತ್ತದೆ. ಮೇಲ್ವಿಚಾರಕನೂ ಪುಲ್ಲಿಂಗ ಏಕವಚನ, ಕೆಲಸಗಾರನೂ ಪುಲ್ಲಿಂಗ ಏಕವಚನ ಆಗಿರುವಲ್ಲಿ ಆ ನಿಯಮದಿಂದ ಏನೂ ತೀರ್ಮಾನವಾಗದು.

ಕನ್ನಡ ವಿದ್ಯಾರ್ಥಿಗೆ ಇನ್ನೂ ಮೂರು ತೊಡಕುಗಳು ಎದುರಾದವು. ಮೊದಲನೆಯದು ಪರಿಭಾಷೆಯದು. ಸಂಸ್ಕೃತ ಸಂಪ್ರದಾಯವನ್ನು ಅನುಸರಿಸಿದ ಕನ್ನಡ ವ್ಯಾಕರಣದಲ್ಲಿ ‘ಪ್ರಥಮ ಪುರುಷ’ ಎಂದರೆ ‘ಅವನು’, ‘ಅವಳು’. ‘ಉತ್ತಮ ಪುರುಷ’ ಎಂದರೆ ‘ನಾನು’. ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್’ ಎಂದರೆ ‘ಐ’. ಬೆಳಗಿನ ಕನ್ನಡ ತರಗತಿಯಲ್ಲಿ ಪ್ರಥಮವಾಗಿದ್ದುದು ಮಧ್ಯಾಹ್ನದ ಇಂಗ್ಲಿಷ್ ತರಗತಿಯಲ್ಲಿ ಮೂರನೆಯದಾಗುತ್ತಿತ್ತು. ಈ ಗೊಂದಲವನ್ನು ತಪ್ಪಿಸಲು ‘ಅನ್ಯ ಪುರುಷ’ ಎಂಬ ಹೆಸರೂ ಬಳಕೆಗೆ ಬಂದಿದೆ.

ಎರಡನೆಯದು ಗೌರವಾರ್ಥಕ್ಕೆ ಸಂಬಂಧಿಸಿದುದು. ಕನ್ನಡದಲ್ಲಿ ಮುಖ್ಯೋಪಾಧ್ಯಾಯಿನಿಯನ್ನು ಕುರಿತು ‘ಅವರು ಬಂದರು’ ಎನ್ನುತ್ತೇವೆ. ಲಿಂಗವೂ ವಚನವೂ ಅಲ್ಲಿ ಗೌರವದೊಳಗೆ ಮರೆಯಾಗುತ್ತವೆ. ಅದನ್ನು ಇಂಗ್ಲಿಷಿಗೆ ತರುವಾಗ ‘ಷಿ’ ಎನ್ನಬೇಕು. ಹಾಗೆನ್ನಲು ಮನಸ್ಸು ಒಪ್ಪದ ವಿದ್ಯಾರ್ಥಿ ‘ದೇ’ ಎಂದು ಬರೆದರೆ ಓದುವವರು ಹಲವರು ಬಂದರೆಂದು ತಿಳಿಯುವ ಸಂಭವವಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಕಷ್ಟ ಇದರ ತಿರುಗು ಮುರುಗು: ‘ಹಿ’ ಎಂಬುದು ಹಳ್ಳಿಯ ಹುಡುಗನೋ ಜಿಲ್ಲಾಧಿಕಾರಿಯೋ ಎಂದು ತಿಳಿಯದೆ ‘ಅವನು’, ‘ಆತ’, ‘ಅವರು’ಗಳಲ್ಲಿ ಒಂದನ್ನು ಆರಿಸುವಂತಿಲ್ಲ. ಕನ್ನಡದ ಓದುಗನು ‘ಹಿ’ ಯಾರೆಂದು ಕೇಳಿಕೊಳ್ಳದೆ ಮುಂದೆ ಹೋಗಲಾರ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು, ಉದ್ಧೃತ ಮಾತಿನದು. ‘ನಾನು ಪಾಸಾಗಿದ್ದೇನೆ ಎಂದು ರಾಮು ಹೇಳಿದ’ ಎಂಬ ಕನ್ನಡ ವಾಕ್ಯದಲ್ಲಿ ಪಾಸಾದವನು ರಾಮುವೂ ಆಗಬಹುದು, ವಾಕ್ಯವನ್ನು ಹೇಳುತ್ತಿರುವವನೂ ಆಗಬಹುದು. ಕನ್ನಡದ ‘ಎಂದು’ ನೇರ ಮಾತನ್ನೂ ಪರೋಕ್ಷ ಮಾತನ್ನೂ ಒಂದೇ ರೀತಿಯಲ್ಲಿ ಹೊರುತ್ತದೆ. ಇದೇ ಅಭ್ಯಾಸದಿಂದ ವಿದ್ಯಾರ್ಥಿಯು ‘ರಾಮು ಸೆಡ್ ದಟ್ ಐ ಹ್ಯಾವ್ ಪಾಸ್ಡ್’ ಎಂದು ಬರೆದರೆ ಇಂಗ್ಲಿಷಿನಲ್ಲಿ ಪಾಸಾದವನು ಬರೆದವನೇ ಆಗುತ್ತಾನೆ, ರಾಮು ಆಗುವುದಿಲ್ಲ. ಪ್ರತ್ಯಕ್ಷ ಮತ್ತು ಪರೋಕ್ಷ ಕಥನಗಳನ್ನು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಅಭ್ಯಾಸ ಶಾಲೆಗಳಲ್ಲಿ ಅತಿಯಾಗಿ ನಡೆದರೂ ಅದು ‘ಐ’ ಬದಲು ‘ಹಿ’ ಹಾಕುವ ಯಾಂತ್ರಿಕ ಕ್ರಿಯೆಯಾಯಿತು. ಆ ಬದಲಾವಣೆ ಏಕೆ ಬೇಕು, ಬದಲಾಯಿಸಿದ ಮೇಲೆ ‘ಹಿ’ ಮತ್ತೆ ಸಂದಿಗ್ಧವಾಗುವುದು ಹೇಗೆ ಎಂಬ ವಿವರಣೆ ಅಪರೂಪವಾಗಿತ್ತು. ಕನ್ನಡದ ‘ತಾನು ಪಾಸಾಗಿರುವುದಾಗಿ ರಾಮು ಹೇಳಿದ’ ಎಂಬ ವಾಕ್ಯವನ್ನು ಪಕ್ಕದಲ್ಲಿ ಇಟ್ಟಿದ್ದರೆ ಇಡೀ ಪಾಠ ಒಂದು ಸಾಲಿನಲ್ಲಿ ಸ್ಪಷ್ಟವಾಗುತ್ತಿತ್ತು. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬಾರದೆಂಬ ನೇರಪದ್ಧತಿಯ ನಿಲುವು ಪ್ರಬಲವಾಗಿದ್ದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

6. ಬೆಂಗಳೂರು ಪ್ರಯೋಗ

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಕಾಮಾಕ್ಷಿಪಾಳ್ಯದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಜ್ಞಾನಭಾರತಿಯ ಆವರಣದಲ್ಲಿ ಇಂದು ಇರುವ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಆ ಕಾಲದಲ್ಲಿ ಪ್ರಚಾರದಲ್ಲಿದ್ದುದು ರಚನಾತ್ಮಕ ಪದ್ಧತಿ: ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಶ್ರೇಣೀಕರಿಸಿ ಒಂದೊಂದನ್ನೇ ಅಭ್ಯಾಸ ಮಾಡಿಸುವುದು. ಈ ಪದ್ಧತಿಯಲ್ಲಿಯೂ ಬಿಡಿ ವಾಕ್ಯವೇ ಪಾಠದ ಘಟಕ. ಸರ್ವನಾಮದ ನಿರ್ದೇಶವಾದರೋ ಹಲವು ವೇಳೆ ವಾಕ್ಯದ ಎಲ್ಲೆಯನ್ನು ದಾಟಿ ಹಿಂದಿನ ವಾಕ್ಯಕ್ಕೆ ಹೋಗುತ್ತದೆ.

ಈ ಸ್ಥಿತಿಗೆ ಪರ್ಯಾಯವಾಗಿ ಬಂದುದು 1979ರಿಂದ 1984ರವರೆಗೆ ನಡೆದ, ‘ಬೆಂಗಳೂರು ಪ್ರಯೋಗ’ ಎಂದು ಜಗತ್ತಿನ ಭಾಷಾಬೋಧನ ವಲಯದಲ್ಲಿ ಹೆಸರಾದ ಯೋಜನೆ. ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ ಇದನ್ನು ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳ ಕೆಲವು ತರಗತಿಗಳಲ್ಲಿ ನಡೆಸಿದರು. ವಿದ್ಯಾರ್ಥಿಯ ಗಮನ ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣವು ಅರಿವಿಲ್ಲದೆಯೇ ಮೈಗೂಡುತ್ತದೆ ಎಂಬುದು ಅವರ ಆಧಾರಕಲ್ಪನೆ. ಪಾಠಗಳು ರಚನೆಗಳ ಪಟ್ಟಿಯಾಗಿರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವುಗಳನ್ನು ಆಧರಿಸಿದ ಸಮಸ್ಯೆಗಳಾಗಿದ್ದವು. ಕೊಟ್ಟ ಮಾಹಿತಿಯಿಂದ ತರ್ಕದ ಮೂಲಕ ಹೊಸ ಮಾಹಿತಿಯನ್ನು ಪಡೆಯುವ ಕಾರ್ಯಗಳಿಗೆ ಅಲ್ಲಿ ಹೆಚ್ಚಿನ ಸ್ಥಾನವಿತ್ತು. 1985ರಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಇದರ ಮೌಲ್ಯಮಾಪನವನ್ನು ಪ್ರಕಟಿಸಿ ಎಚ್ಚರಿಕೆಯ ಬೆಂಬಲ ಸೂಚಿಸಿದರು. ಪ್ರಭು ಅವರ ಗ್ರಂಥ 1987ರಲ್ಲಿ ಹೊರಬಂದಿತು.

ಸರ್ವನಾಮದ ದೃಷ್ಟಿಯಿಂದ ಈ ಪ್ರಯೋಗದ ಮಹತ್ವ ಸ್ಪಷ್ಟವಾದುದು. ಇಬ್ಬರು ಪ್ರಯಾಣಿಕರ ವಿವರವನ್ನು ಓದಿ ಯಾರು ಯಾವ ರೈಲಿಗೆ ಹೋಗಬೇಕೆಂದು ಹೇಳಬೇಕಾದ ವಿದ್ಯಾರ್ಥಿಯು ಪ್ರತಿಯೊಂದು ‘ಹಿ’ಯನ್ನೂ ಯಾವನೋ ಒಬ್ಬನಿಗೆ ಅಂಟಿಸಲೇಬೇಕು, ಅಂಟಿಸುವುದರಲ್ಲಿ ತಪ್ಪಿದರೆ ಉತ್ತರವೇ ತಪ್ಪುತ್ತದೆ. ಸರ್ವನಾಮದ ಪಾಠವೆಂಬ ಹೆಸರಿಲ್ಲದೆಯೇ ಅದು ಸರ್ವನಾಮದ ಪಾಠವಾಗುತ್ತದೆ. ‘ಇದು ಯಾರನ್ನು ಕುರಿತದ್ದು’ ಎಂಬ ಪ್ರಶ್ನೆಗೆ ತರಗತಿಯಲ್ಲಿ ಸಹಜವಾದ ಎಡೆ ದೊರೆಯುವುದು ಇಂತಹ ಪಾಠಗಳಲ್ಲಿಯೇ. ಆದರೆ ಪರೀಕ್ಷೆಯ ಪದ್ಧತಿ, ಪಠ್ಯಪುಸ್ತಕಗಳ ಒತ್ತಡ, ದೊಡ್ಡ ತರಗತಿಗಳು ಮುಂತಾದವುಗಳ ನಡುವೆ ಇಂತಹ ಬೋಧನೆ ರಾಜ್ಯದ ಎಲ್ಲ ಶಾಲೆಗಳ ನಿತ್ಯದ ರೂಢಿಯಾಗಲಿಲ್ಲ. 2007ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ವಿಷಯವಾಗಿ ಕಲಿಸತೊಡಗಿದ ಮೇಲೆ ಈ ಪ್ರಶ್ನೆಯ ವ್ಯಾಪ್ತಿ ಇನ್ನಷ್ಟು ಹಿಗ್ಗಿದೆ.

7. ಭಾಷಾವಿಜ್ಞಾನದ ಬೆಳಕು

ಇತ್ತ ಭಾಷಾವಿಜ್ಞಾನದಲ್ಲಿ ಸರ್ವನಾಮದ ನಿರ್ದೇಶವು ಕೇಂದ್ರಪ್ರಶ್ನೆಗಳಲ್ಲಿ ಒಂದಾಯಿತು. 1981ರಲ್ಲಿ ನೋಮ್ ಚಾಮ್‌ಸ್ಕಿ ಮಂಡಿಸಿದ ಬಂಧನ ಸಿದ್ಧಾಂತದ ಪ್ರಕಾರ ‘ಹಿಮ್‌ಸೆಲ್ಫ್’ನಂತಹ ಆತ್ಮಾರ್ಥಕದ ಪೂರ್ವಪದ ಅದೇ ಉಪವಾಕ್ಯದ ಒಳಗೆ ಸಿಗಬೇಕು, ‘ಹಿಮ್’ನಂತಹ ಸರ್ವನಾಮದ ಪೂರ್ವಪದ ಅದೇ ಉಪವಾಕ್ಯದ ಒಳಗೆ ಇರಕೂಡದು. ಎಂದರೆ ‘ಸೋಮು ಸೆಡ್ ದಟ್ ರಾಮು ಪ್ರೇಸ್ಡ್ ಹಿಮ್’ ಎಂಬಲ್ಲಿ ‘ಹಿಮ್’ ಎಂಬುದು ರಾಮು ಆಗಲಾರದು. ಸೋಮು ಅಥವಾ ಮೂರನೆಯವನಾಗಬಹುದು. ಇಂಗ್ಲಿಷ್ ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬುದನ್ನು ವ್ಯಾಕರಣ ಪೂರ್ಣವಾಗಿ ಹೇಳದಿದ್ದರೂ ಯಾರನ್ನು ಸೂಚಿಸಲಾರದು ಎಂಬುದನ್ನು ಖಚಿತವಾಗಿ ಹೇಳಬಲ್ಲುದು.

ಕನ್ನಡದ ಸಾಮಗ್ರಿ ಈ ಚರ್ಚೆಗೆ ಮುಖ್ಯವಾದ ಕೊಡುಗೆ ನೀಡಿದೆ. ದಕ್ಷಿಣ ಏಷ್ಯಾದ ಭಾಷೆಗಳ ಸರ್ವನಾಮಗಳನ್ನು ಕುರಿತು 2000ರಲ್ಲಿ ಪ್ರಕಟವಾದ ಸಂಕಲನದಲ್ಲಿ ಆರ್. ಅಮೃತವಲ್ಲಿ ಅವರು ಕನ್ನಡವನ್ನು ಕುರಿತು ಬರೆದರು. 2001ರಲ್ಲಿ ಜೆಫ್ರಿ ಲಿಡ್ಜ್ ಅವರು ಕನ್ನಡದ ‘ಕೊಳ್ಳು’ ಕ್ರಿಯೆಯನ್ನು ಆಧಾರವಾಗಿಟ್ಟುಕೊಂಡು ಬಂಧನ ಸಿದ್ಧಾಂತಕ್ಕೆ ತಿದ್ದುಪಡಿಯನ್ನು ಸೂಚಿಸಿದರು. ‘ರಾಮು ತನ್ನನ್ನು ಹೊಗಳಿದನೆಂದು ಸೋಮು ಹೇಳಿದ’ ಎಂದರೆ ಹೊಗಳಿಸಿಕೊಂಡವನು ಸೋಮು. ‘ರಾಮು ತನ್ನನ್ನು ಹೊಗಳಿಕೊಂಡನೆಂದು ಸೋಮು ಹೇಳಿದ’ ಎಂದರೆ ರಾಮು. ಸರ್ವನಾಮ ಎರಡರಲ್ಲಿಯೂ ಒಂದೇ. ಕ್ರಿಯಾಪದಕ್ಕೆ ಸೇರಿದ ‘ಕೊಳ್ಳು’ ನಿರ್ದೇಶವನ್ನು ಬದಲಾಯಿಸುತ್ತದೆ. ಇಂಗ್ಲಿಷಿನ ‘ಹಿಮ್’ ಮತ್ತು ‘ಹಿಮ್‌ಸೆಲ್ಫ್’ಗಳ ಭೇದವನ್ನು ಕನ್ನಡ ವಿದ್ಯಾರ್ಥಿಗೆ ವಿವರಿಸಲು ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಡಿ. ಎನ್. ಶಂಕರ ಭಟ್ಟರು 2000ರಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಸಂಸ್ಕೃತ ಮತ್ತು ಇಂಗ್ಲಿಷ್ ಚೌಕಟ್ಟುಗಳನ್ನು ಕನ್ನಡದ ಮೇಲೆ ಹೇರುವುದನ್ನು ಪ್ರಶ್ನಿಸಿದ್ದರು. 2004ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ, ಸರ್ವನಾಮಗಳನ್ನೇ ಕುರಿತ ಅವರ ಇಂಗ್ಲಿಷ್ ಗ್ರಂಥವು ಹಲವಾರು ಭಾಷೆಗಳ ತುಲನೆಯ ಮೇಲೆ ನಿಂತಿದೆ. ‘ನಾನು’, ‘ನೀನು’ಗಳು ಮಾತಿನ ಪಾತ್ರಗಳನ್ನು ಸೂಚಿಸುವ ಒಂದು ವರ್ಗ, ‘ಅವನು’, ‘ಇವನು’, ‘ಯಾವನು’ಗಳು ಬೇರೊಂದು ವರ್ಗ, ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸುವುದು ಸರಿಯಲ್ಲ ಎಂಬುದು ಅವರ ವಾದ. ಕನ್ನಡದಂತಹ ಭಾಷೆಗಳಲ್ಲಿ ಅನ್ಯ ಪುರುಷದ ಸರ್ವನಾಮಗಳು ನಿರ್ದೇಶಕಗಳಿಂದ ಬೇರೆಯಲ್ಲ: ‘ಆ’, ‘ಈ’ಗಳೇ ‘ಅವನು’, ‘ಇವನು’ಗಳಲ್ಲಿ ಇವೆ. ಇಂಗ್ಲಿಷಿನಲ್ಲಿ ‘ಹಿ’ ಎಂಬುದಕ್ಕೆ ‘ದಿಸ್’, ‘ದಟ್’ಗಳ ಜೊತೆ ಅಂತಹ ನಂಟಿಲ್ಲ. ಕನ್ನಡಿಗನಿಗೆ ‘ಅವನು’ ಎಂಬುದು ಬೆರಳು ತೋರಿಸುವ ಶಬ್ದ; ಇಂಗ್ಲಿಷಿನ ‘ಹಿ’ ತೋರಿಸುವ ದಿಕ್ಕಿಲ್ಲದ ಶಬ್ದ. ‘ಹಿ ಎಂದರೆ ಅವನು’ ಎಂಬ ಮೊದಲ ಪಾಠದಲ್ಲಿಯೇ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಯಂತ್ರಗಳಿಗೂ ಈ ಪ್ರಶ್ನೆ ಸುಲಭವಾಗಿರಲಿಲ್ಲ. 1972ರಲ್ಲಿಯೇ ಟೆರಿ ವಿನೊಗ್ರಾಡ್ ಅವರು ಒಂದು ಕ್ರಿಯಾಪದವನ್ನು ಬದಲಾಯಿಸಿದ ಮಾತ್ರಕ್ಕೆ ಸರ್ವನಾಮದ ನಿರ್ದೇಶ ಬದಲಾಗುವ ಇಂಗ್ಲಿಷ್ ವಾಕ್ಯವನ್ನು ಮುಂದಿಟ್ಟು, ಅದನ್ನು ಬಿಡಿಸಲು ಲೋಕಜ್ಞಾನ ಬೇಕೆಂದು ತೋರಿಸಿದರು. 2010ರ ದಶಕದ ಆರಂಭದಲ್ಲಿ ಹೆಕ್ಟರ್ ಲೆವೆಕ್ ಅವರು ಅಂತಹ ವಾಕ್ಯಗಳನ್ನೇ ಯಂತ್ರಬುದ್ಧಿಯ ಪರೀಕ್ಷೆಯಾಗಿ ಸೂಚಿಸಿದರು. ಆ ದಶಕದ ಕೊನೆಯ ವೇಳೆಗೆ ಬೃಹತ್ ಭಾಷಾಮಾದರಿಗಳು ಆ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಯಶಸ್ಸು ಪಡೆದವು. ಆದರೂ ಮೂಲ ವಾಕ್ಯವೇ ಎರಡು ಅರ್ಥಗಳಿಗೆ ಎಡೆಗೊಟ್ಟಿರುವಾಗ, ಯಾವುದೋ ಒಂದನ್ನು ಆರಿಸಿ ಅನುವಾದಿಸುವ ಯಂತ್ರ ಆ ಸಂದೇಹವನ್ನು ಓದುಗನ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಸಂದೇಹ ಇದೆಯೆಂದು ತಿಳಿಯುವ ಶಕ್ತಿ ಓದುಗನಲ್ಲಿಯೇ ಇರಬೇಕಾಗುತ್ತದೆ.

8. ಕನ್ನಡದ ಸಾಧನ ಮತ್ತು ಅದರ ಮಿತಿ

ಮೇಲಿನ ಸಮೀಕ್ಷೆಯಿಂದ ಒಂದು ಸರಳ ವಿಧಾನ ಹೊರಡುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ‘ಹಿ’, ‘ಷಿ’, ‘ದೇ’ ಬಂದಾಗ ಅದನ್ನು ಕನ್ನಡದಲ್ಲಿ ಒಮ್ಮೆ ‘ತಾನು’, ‘ತಾವು’ ಎಂದೂ ಇನ್ನೊಮ್ಮೆ ‘ಅವನು’, ‘ಅವಳು’, ‘ಅವರು’ ಎಂದೂ ಹೇಳಿ ನೋಡುವುದು. ಎರಡರಲ್ಲಿ ಒಂದೇ ಸಂದರ್ಭಕ್ಕೆ ಒಪ್ಪಿದರೆ ನಿರ್ದೇಶ ದೊರೆಯಿತು. ಎರಡೂ ಒಪ್ಪಿದರೆ ವಾಕ್ಯವೇ ಸಂದಿಗ್ಧ. ಅದಕ್ಕೆ ಸಹಿ ಹಾಕುವ ಮುನ್ನ ಸ್ಪಷ್ಟೀಕರಣ ಕೇಳುವುದು ಯುಕ್ತ. ಪೀಠಿಕೆಯಲ್ಲಿ ಹೇಳಿದ ಹೊಣೆಗಾರಿಕೆಯ ವಾಕ್ಯ ಇಂತಹುದೇ.

ಈ ಸಾಧನಕ್ಕೆ ಮಿತಿಗಳಿವೆ. ‘ತಾನು’ ಮುಖ್ಯವಾಗಿ ಮಾತನಾಡುವ, ಯೋಚಿಸುವ ವ್ಯಕ್ತಿಗಳಿಗೆ ಸಲ್ಲುತ್ತದೆ. ‘ರಿಮೂವ್ ದಿ ಟೂಲ್ ಫ್ರಮ್ ದಿ ಹೋಲ್ಡರ್ ಅಂಡ್ ಕ್ಲೀನ್ ಇಟ್’ ಎಂಬ ಸೂಚನೆಯಲ್ಲಿ ಶುಚಿಗೊಳಿಸಬೇಕಾದುದು ಟೂಲೋ ಹೋಲ್ಡರೋ ಎಂಬುದನ್ನು ‘ಅದನ್ನು’ ಎಂಬ ಕನ್ನಡ ಶಬ್ದವೂ ಬಿಡಿಸುವುದಿಲ್ಲ. ಇಲ್ಲಿ ನಾಮಪದವನ್ನೇ ಮತ್ತೆ ಹೇಳುವುದು ಒಂದೇ ದಾರಿ. ‘ಇಟ್ ಈಸ್ ರೈನಿಂಗ್’ ಎಂಬಲ್ಲಿಯ ‘ಇಟ್’ ಯಾವುದನ್ನೂ ನಿರ್ದೇಶಿಸುವುದೇ ಇಲ್ಲ. ಕನ್ನಡ ಅಲ್ಲಿ ‘ಮಳೆ ಬರುತ್ತಿದೆ’ ಎಂದು ಸರ್ವನಾಮವಿಲ್ಲದೆ ಮುಗಿಸುತ್ತದೆ. ‘ವೀ’ ಎಂಬುದರಲ್ಲಿ ಕೇಳುವವರೂ ಸೇರಿದ್ದಾರೆಯೇ ಎಂಬುದನ್ನು ಇಂಗ್ಲಿಷೂ ಹೇಳುವುದಿಲ್ಲ, ಇಂದಿನ ಕನ್ನಡದ ‘ನಾವು’ ಸಹ ಹೇಳುವುದಿಲ್ಲ. ಇಲ್ಲಿ ನೆರವಾಗಬಲ್ಲವು ಕಾಮಾಕ್ಷಿಪಾಳ್ಯದಂತಹ ಪ್ರದೇಶದ ಇತರ ಮನೆಮಾತುಗಳು: ತೆಲುಗಿನ ‘ಮನಂ’, ‘ಮೇಮು’ಗಳೂ ತಮಿಳಿನ ‘ನಾಮ್’, ‘ನಾಂಗಳ್’ಗಳೂ ಈ ಭೇದವನ್ನು ಸ್ಪಷ್ಟವಾಗಿ ಕಾಪಾಡಿಕೊಂಡಿವೆ. ಬಹುಭಾಷಿಕ ತರಗತಿಯಲ್ಲಿ ಇಂಗ್ಲಿಷ್ ವಾಕ್ಯವೊಂದನ್ನು ಮೂರು ಭಾಷೆಗಳಲ್ಲಿ ಹೇಳಿ ನೋಡುವುದರಿಂದ ಅದರ ಅಡಗಿದ ಸಂದೇಹಗಳೆಲ್ಲ ಹೊರಬೀಳುತ್ತವೆ.

9. ಉಪಸಂಹಾರ

ಕೇಶಿರಾಜನಿಂದ ಇಪ್ಪತ್ತನೆಯ ಶತಮಾನದ ಶಾಲಾಪುಸ್ತಕಗಳವರೆಗೆ ಸರ್ವನಾಮವು ರೂಪವಿಚಾರವಾಗಿ ಉಳಿಯಿತು. ನಿರ್ದೇಶದ ವಿಚಾರವನ್ನು ಪ್ರಾಚೀನ ಕಾಲದಲ್ಲಿ ವ್ಯಾಖ್ಯಾನಕಾರರೂ ಆಧುನಿಕ ಕಾಲದಲ್ಲಿ ಶಾಸನಕರ್ತರೂ ಭಾಷಾವಿಜ್ಞಾನಿಗಳೂ ನೋಡಿಕೊಂಡರು. ಬೆಂಗಳೂರು ಪ್ರಯೋಗವು ಅದನ್ನು ತರಗತಿಯ ಒಳಗೆ ತರುವ ದಾರಿಯನ್ನು ತೋರಿಸಿತು. ಕನ್ನಡದ ‘ತಾನು’, ‘ಕೊಳ್ಳು’ಗಳ ಅಧ್ಯಯನವು ಆ ದಾರಿಗೆ ಬೇಕಾದ ಸಾಮಗ್ರಿಯನ್ನು ಒದಗಿಸಿತು. ಇವೆರಡೂ ಒಂದೇ ಪಠ್ಯದಲ್ಲಿ ಕೂಡಬೇಕಾಗಿದೆ. ಇಂಗ್ಲಿಷ್ ಕಲಿಕೆಗೆ ಕನ್ನಡ ಅಡ್ಡಿ ಎಂಬ ನಂಬಿಕೆಗೆ ಈ ವಿಷಯದಲ್ಲಿ ಆಧಾರವಿಲ್ಲ. ಇಂಗ್ಲಿಷ್ ಮುಚ್ಚಿದ್ದನ್ನು ಕನ್ನಡ ತೆರೆದು ತೋರಿಸುವ ಎಡೆ ಇದು. ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ ಇಂಗ್ಲಿಷ್ ನೋಟೀಸನ್ನು ಕೈಯಲ್ಲಿ ಹಿಡಿದ ಕೆಲಸಗಾರನು ‘ಇಲ್ಲಿ ತಾನೋ, ಅವನೋ?’ ಎಂದು ಕೇಳಬಲ್ಲವನಾದರೆ, ಆ ಕಾಗದದ ಅರ್ಥದ ಮೇಲೆ ಅವನಿಗೂ ಅಷ್ಟರ ಮಟ್ಟಿನ ಅಧಿಕಾರ ದೊರೆಯುತ್ತದೆ.